ಇಪ್ಪತ್ತಾರು ಸುತ್ತು

ಮಂಡಕ್ಕಿ ಭಟ್ಟಿಗಳ ಹೊಗೆ ಇನ್ನೂ ಬೀದಿ ಬಿಟ್ಟಿರಲಿಲ್ಲ.
ಶಟರು ಅರ್ಧ ಎತ್ತಿದ್ದೆ.
ಬಗ್ಗಿ ಒಳಬಂದಳು ಹುಲಿಗೆಮ್ಮ,
ನೀರಗಂಟಿ ದುರುಗಪ್ಪನ ಮಗಳು.
ಅಪ್ಪ ಹೋದ ಮೇಲೆ ಅವನ ಕೆಲಸ, ಅವನ ಸೈಕಲ್ಲು,
ಎದೆಯುದ್ದದ ಟೀ ಚಾವಿ
ಮೂರೂ ಇವಳಿಗೆ ಬಂದಿವೆ.

"ಆರಿಂಚಿನ ಗೇಟ್ ವಾಲ್ವು ಬೇಕು ಕಾಕಾ,
ಯಾವುದು ಅಂತ ನೀವೇ ಹೇಳ್ರಿ.
ಬಿಲ್ಲು ಇಂಜಿನಿಯರಿಗೆ, ಬೈಗುಳ ನನಗೆ."

ಹತ್ತಿಗಿರಣಿಯ ಬಾಯ್ಲರ್ ಮನೆಯಲ್ಲಿ
ಹದಿನೇಳು ವರ್ಷ ಫಿಟ್ಟರಾಗಿದ್ದವನು ನಾನು.
ಗಿರಣಿ ನಿಂತಿತು. ಕೈ ನಿಲ್ಲಲು ಒಪ್ಪಲಿಲ್ಲ,
ಈ ಅಂಗಡಿಯಾಯಿತು.
ಕೇಳಿದೆ: ಗುಂಡಿ ಎಷ್ಟು ಆಳ?
ನಾಲ್ಕಡಿಯೂ ಇಲ್ಲ.
ಮಳೆಗಾಲಕ್ಕೆ ಹೊಳೆನೀರು ಹೇಗೆ ಬರ್ತದೆ?
"ಚಾದ ಬಣ್ಣ. ಹಾಲು ಹಾಕಿದ್ದು."

ಹಾಗಾದರೆ ಆ ತಲೆಯೆತ್ತುವ ಸ್ಪಿಂಡಲ್ ಬೇಡವ್ವ.
ತೆರೆದಷ್ಟೂ ಮೇಲೇಳುತ್ತದೆ,
ದೂರದಿಂದಲೇ ಕಾಣುತ್ತದೆ ಎಷ್ಟು ತೆರೆದಿದೆಯೆಂದು.
ಪಂಪ್‌ಹೌಸಿಗೆ, ಕಾರ್ಖಾನೆಗೆ ಅದೇ ಚಂದ;
ನಿನ್ನ ಗುಂಡಿಯಲ್ಲಿ ಮುಚ್ಚಳಕ್ಕೆ ಹಣೆ ಚಚ್ಚಿಕೊಳ್ಳುತ್ತದೆ.
ಕಂಚಿನ ಉಂಗುರದ್ದೂ ಬೇಡ,
ತಳದ ತೋಡಿನಲ್ಲಿ ಕೆಸರು ಕೂತು
ಕೊನೆಯ ಎರಡು ಸುತ್ತು ಮುಚ್ಚಲು ಬಿಡುವುದಿಲ್ಲ.
ಇದು ನೋಡು, ರಬ್ಬರು ಹೊದ್ದ ಗೇಟು,
ತಳ ಅಂಗೈಯಂತೆ ಸಪಾಟು.
ಸ್ಪಿಂಡಲ್ ಇದ್ದಲ್ಲೇ ತಿರುಗುತ್ತದೆ, ಹೊರಗೆ ಏನೂ ತೋರಿಸದು.
ಎಣಿಸಿಕೊಳ್ಳಬೇಕು.

"ಇಪ್ಪತ್ತಾರು," ಅಂದಳು ತಟ್ಟನೆ.
"ಆಸ್ಪತ್ರೆಯಲ್ಲಿ ಅಪ್ಪ ಚಾದರದ ಅಂಚು ಹಿಡಿದು
ತಿರುಗಿಸ್ತಾ ಇದ್ದ, ನಾನು ಎಣಿಸಿದೆ.
ಹದಿಮೂರಕ್ಕೆ ನಿಲ್ಲಿಸೋನು.
ಮತ್ತೆ ಮೊದಲಿಂದ."

ಗೋಣಿಚೀಲ ಬಿಚ್ಚಿ
ಹಳೆಯ ಗೇಟನ್ನು ಕೌಂಟರಿನ ಮೇಲಿಟ್ಟಳು.
ಕೆಳಗಿನ ಅಂಚು ಅರ್ಧಚಂದ್ರ ಸವೆದಿತ್ತು,
ಮಗು ಕಚ್ಚಿಟ್ಟ ರೊಟ್ಟಿಯ ಹಾಗೆ.

ಗೇಟ್ ವಾಲ್ವಿಗೆ ಬರುವುದು ಎರಡೇ ಮಾತು,
ಹೂಂ, ಉಹೂಂ.
ನಡುವೆ ನಿಲ್ಲಿಸಿದರೆ ನೀರು ಅಂಚನ್ನು ನೆಕ್ಕುತ್ತದೆ,
ಗೇಟು ಹಗಲೂ ರಾತ್ರಿ ಗಡಗಡ ನಡುಗುತ್ತದೆ.
ಆಮೇಲೊಂದು ದಿನ ಮುಚ್ಚು ಅಂದರೆ
ಮುಚ್ಚಲು ಅದಕ್ಕೆ ತುಟಿಯೇ ಇರುವುದಿಲ್ಲ.

"ಗೊತ್ತಿತ್ತು ಅವನಿಗೆ. ಪೂರಾ ತೆರೆದರೆ
ಕೆಳಗಿನ ಕೇರಿಯವರೇ ತುಂಬಿಕೊಳ್ತಾರೆ,
ಮೇಲಿನ ಕೇರಿ ನಲ್ಲಿಯಲ್ಲಿ ಬರೀ ಬುಸ್ ಬುಸ್.
ಮುಚ್ಚಿದರೆ ಕೆಳಗಿನವರು
ಖಾಲಿ ಕೊಡ ಹಿಡ್ಕೊಂಡು ನಮ್ಮ ಬಾಗಿಲಿಗೆ.
ಇಬ್ಬರಿಗೂ ಆಗಲಿ ಅಂತ ಅರ್ಧ."

ನಾನು ಸುಮ್ಮನಾದೆ.
ಆರು ವರ್ಷದ ಹಿಂದೆ ಇದೇ ಕೌಂಟರಿಗೆ ಬಂದು
"ಅರ್ಧ ತೆರೆದಿಟ್ಟರೂ ತಾಳೋದು ಐತೇನ್ರಿ?" ಎಂದು ಕೇಳಿದ್ದ.
ಇತ್ತು. ಮೇಲಿನ ಹಲಗೆಯಲ್ಲೇ ಇತ್ತು, ಬಟರ್‌ಫ್ಲೈ.
ಟೆಂಡರಿನಲ್ಲಿ ಬರೆದದ್ದು ಗೇಟ್,
ನನಗೆ ಖರ್ಚಾಗಬೇಕಿದ್ದದ್ದೂ ಗೇಟ್.
ಐತೆ ಅಂದಿದ್ದೆ, ಇದನ್ನೇ ಕೊಟ್ಟಿದ್ದೆ.

ಈಗ ಮಗಳಿಗೆ ಹೇಳಿದೆ, ಅಷ್ಟನ್ನೂ.
ಅವಳು ಮೇಲಿನ ಹಲಗೆ ನೋಡಿದಳು, ಬೆಲೆ ಕೇಳಿದಳು,
ಸೆರಗಿನಿಂದ ಕೈಯ ತುಕ್ಕು ಒರೆಸಿಕೊಂಡಳು.
"ಈ ಸಲದ ಟೆಂಡರೂ ಗೇಟೇ.
ಇರಲಿ. ಪೂರಾ ತೆರೀತೀನಿ, ಪೂರಾ ಮುಚ್ತೀನಿ.
ಕೆಳಗಿನ ಕೇರಿಗೆ ಒಂದು ತಾಸು, ಮೇಲಿನವರಿಗೆ ಒಂದು ತಾಸು.
ಅರ್ಧ ಮಾಡೋ ಕೆಲಸ ಗಡಿಯಾರ ಮಾಡಲಿ."

ಜಗಳ ಆಗ್ತದವ್ವ.
"ಆಗಲಿ. ಈಗೇನು ಇಲ್ವಾ?"

ಹೊಸ ವಾಲ್ವನ್ನು ನೆಲಕ್ಕಿಳಿಸಿದೆ.
ಚಾವಿ ಕೂರಿಸಿ, ಕಾಲಗಲಿಸಿ ನಿಂತು ತಿರುಗಿಸತೊಡಗಿದಳು.
ಗ್ರೀಸಿನ ವಾಸನೆ, ತುಟಿಯಲ್ಲಿ ಲೆಕ್ಕ.
ಹನ್ನೆರಡು.
ಹದಿಮೂರು.

ಕೈ ತಡೆಯಿತು.
ಹೊರಗೆ ಯಾರದೋ ಆಟೋ ಸ್ಟಾರ್ಟಾಗದೆ ಕೆಮ್ಮಿತು.

ಹದಿನಾಲ್ಕು, ಅಂದಳು, ಜೋರಾಗಿ.

ಗ್ಯಾಸ್ಕೆಟ್ ಎರಡು, ಹದಿನಾರು ಬೋಲ್ಟು
ಚೀಲದಲ್ಲಿ ಹಾಕಿದೆ.
ಬಿಲ್ಲಿಗೆ ಹಾಕಲಿಲ್ಲ.